ಹುಟ್ಟಿದ ದಿನವೇ ಹಳದಿಗಟ್ಟುವ ಕೂಸು: ತಾಯಿಯ ರಕ್ತಕ್ಕೆ ಮಗುವಿನ ರಕ್ತ ಹೊಂದದಿದ್ದಾಗ

(ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ದಂಪತಿಗಳನ್ನು ಉದ್ದೇಶಿಸಿ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣ)



ಕುಟುಂಬ ಕಲ್ಯಾಣವೆಂದರೆ ಕೇವಲ ಮಕ್ಕಳ ಸಂಖ್ಯೆಯನ್ನು ಮಿತಗೊಳಿಸುವುದೆಂದು ಹಲವರು ತಿಳಿದಿದ್ದಾರೆ. ಅದು ಅರ್ಧ ಸತ್ಯ ಮಾತ್ರ. ಹುಟ್ಟಿದ ಮಗು ಬದುಕಿ, ಬೆಳೆದು, ಆರೋಗ್ಯವಂತ ಪ್ರಜೆಯಾಗುವುದೆಂಬ ಭರವಸೆ ತಂದೆತಾಯಿಗಳಿಗೆ ದೊರೆತಾಗಲೇ ಚಿಕ್ಕ ಸಂಸಾರ ಸುಖ ಸಂಸಾರವಾಗಬಲ್ಲದು. ಆದುದರಿಂದ ಈ ದಿನ ನಾನು ನಿಮ್ಮೊಡನೆ ಒಂದು ವಿಶೇಷವಾದ ಕಾಯಿಲೆಯ ವಿಷಯವನ್ನು ಮಾತನಾಡಬಯಸುತ್ತೇನೆ. ಇದು ನವಜಾತ ಶಿಶುವಿನ ರಕ್ತಕಣಗಳು ಒಡೆದು ನಾಶವಾಗುವ ಕಾಯಿಲೆ. ಹುಟ್ಟಿದ ಮೊದಲ ದಿನವೇ ಕೂಸು ಹಳದಿಗಟ್ಟುವುದು ಇದರ ಮುಖ್ಯ ಗುರುತು.

ಈ ಕಾಯಿಲೆಯು ಎಲ್ಲರ ಮನೆಗೂ ಬರುವಂಥದಲ್ಲ. ಆದರೆ ಬಂದ ಮನೆಯಲ್ಲಿ ಒಂದಾದ ಮೇಲೊಂದು ಮಗುವನ್ನು ಕಳೆದುಕೊಳ್ಳುವ ಸಂಭವವುಂಟು. ಇದನ್ನು ಬಹುಮಟ್ಟಿಗೆ ಒಂದು ಚುಚ್ಚುಮದ್ದಿನಿಂದ ತಡೆಯಬಹುದು. ಬಂದರೂ ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಹೆಚ್ಚಿನ ಮಕ್ಕಳು ಬದುಕಿ ಚೆನ್ನಾಗಿ ಬೆಳೆಯುತ್ತಾರೆ. ಇಷ್ಟಿದ್ದರೂ ತಿಳಿವಳಿಕೆಯ ಅಭಾವದಿಂದ ಮಕ್ಕಳು ಸಾಯುವುದು ನಮ್ಮೆಲ್ಲರಿಗೂ ದುಃಖದ ಸಂಗತಿ.

ರಕ್ತದ ಗುಂಪು ಮತ್ತು ಆರ್.ಎಚ್. ಅಂಶ

ಎಲ್ಲರ ರಕ್ತವೂ ಕಣ್ಣಿಗೆ ಕೆಂಪಾಗಿಯೇ ಕಾಣುತ್ತದೆ. ಆದರೆ ಎಲ್ಲರ ರಕ್ತವೂ ಒಂದೇ ಬಗೆಯದಲ್ಲ. ಆಸ್ಟ್ರಿಯಾ ದೇಶದ ಕಾರ್ಲ್ ಲ್ಯಾಂಡ್‌ಸ್ಟೈನರ್ ಎಂಬ ವಿಜ್ಞಾನಿಯು 20ನೆಯ ಶತಮಾನದ ಆರಂಭದಲ್ಲಿ ರಕ್ತದಲ್ಲಿ ಗುಂಪುಗಳಿರುವುದನ್ನು ಕಂಡುಹಿಡಿದನು. ಎ, ಬಿ, ಎಬಿ ಮತ್ತು ಓ ಎಂದು ಈಗ ನಾವು ಕರೆಯುವುದು ಈ ಗುಂಪುಗಳನ್ನೇ. ಈ ಶೋಧಕ್ಕಾಗಿ 1930ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕ ದೊರೆಯಿತು. 1940ರಲ್ಲಿ ಆತನೂ ಅಲೆಕ್ಸಾಂಡರ್ ವೀನರ್ ಎಂಬ ವೈದ್ಯನೂ ಕೂಡಿ ರಕ್ತಕಣಗಳ ಮೇಲೆ ಇನ್ನೊಂದು ಅಂಶವಿರುವುದನ್ನು ತೋರಿಸಿಕೊಟ್ಟರು. ಅದಕ್ಕೆ ಆರ್.ಎಚ್. ಅಂಶವೆಂದು ಹೆಸರು. ಈ ಅಂಶವುಳ್ಳವರ ರಕ್ತವನ್ನು ಪಾಸಿಟಿವ್ ಎಂದೂ, ಇಲ್ಲದವರ ರಕ್ತವನ್ನು ನೆಗೆಟಿವ್ ಎಂದೂ ಕರೆಯುತ್ತಾರೆ. ನಿಮ್ಮ ಚೀಟಿಯಲ್ಲಿ ಓ ಪಾಸಿಟಿವ್, ಬಿ ನೆಗೆಟಿವ್ ಎಂದು ಬರೆದಿರುವುದರ ಅರ್ಥ ಇದೇ.

ನಮ್ಮ ದೇಶದಲ್ಲಿ 100 ಜನರಲ್ಲಿ ಸುಮಾರು 5 ಜನರ ರಕ್ತ ನೆಗೆಟಿವ್ ಆಗಿರುತ್ತದೆ. ನೆಗೆಟಿವ್ ಎಂದರೆ ಕೊರತೆಯೆಂದಾಗಲಿ, ರೋಗವೆಂದಾಗಲಿ ಅರ್ಥವಲ್ಲ. ಅಂಥವರು ಇತರರಂತೆಯೇ ಆರೋಗ್ಯವಂತರು. ಪಾಸಿಟಿವ್ ಗಂಡನಿಂದ ನೆಗೆಟಿವ್ ಹೆಂಡತಿ ಗರ್ಭವತಿಯಾದಾಗ ಮಾತ್ರ ನಾವು ಎಚ್ಚರ ವಹಿಸಬೇಕಾಗುತ್ತದೆ. ಹೆಂಡತಿ ಪಾಸಿಟಿವ್ ಆಗಿ ಗಂಡನು ನೆಗೆಟಿವ್ ಆಗಿದ್ದರೆ ಆರ್.ಎಚ್. ಕಾರಣದಿಂದ ಈ ತೊಂದರೆ ಇಲ್ಲ. ಇಬ್ಬರೂ ನೆಗೆಟಿವ್ ಆಗಿದ್ದರೂ ಇಲ್ಲ.

ಕಾಯಿಲೆ ಉಂಟಾಗುವ ಬಗೆ

ಗರ್ಭದಲ್ಲಿರುವ ಶಿಶುವಿಗೆ ತಂದೆಯಿಂದ ಪಾಸಿಟಿವ್ ಅಂಶ ಬಂದಿರಬಹುದು. ತಾಯಿಯ ರಕ್ತವೂ ಮಗುವಿನ ರಕ್ತವೂ ಬೇರೆ ಬೇರೆ ನಾಳಗಳಲ್ಲಿ ಹರಿಯುತ್ತವೆ. ನಡುವೆ ಮಾಸು ತಡೆಯಾಗಿ ನಿಂತಿರುತ್ತದೆ. ಆದರೆ ಹೆರಿಗೆಯ ಕಾಲದಲ್ಲಿ ಮಾಸು ಕಿತ್ತು ಬರುವಾಗ ಮಗುವಿನ ಸ್ವಲ್ಪ ರಕ್ತ ತಾಯಿಯ ರಕ್ತದಲ್ಲಿ ಸೇರುವುದುಂಟು. ಗರ್ಭಪಾತವಾದಾಗ, ಹೊಟ್ಟೆಗೆ ಬಲವಾದ ಪೆಟ್ಟು ಬಿದ್ದಾಗ, ಗರ್ಭಿಣಿಗೆ ರಕ್ತಸ್ರಾವವಾದಾಗಲೂ ಹೀಗಾಗಬಹುದು.

ತಾಯಿಯ ಶರೀರಕ್ಕೆ ಈ ಪಾಸಿಟಿವ್ ಕಣಗಳು ಪರಕೀಯ. ಹೊಲಕ್ಕೆ ನುಗ್ಗಿದ ದನವನ್ನು ಕಾವಲುಗಾರನು ಅಟ್ಟುವಂತೆ, ಶರೀರವು ಅವುಗಳನ್ನು ನಾಶಮಾಡಲು ಪ್ರತಿಕಾಯಗಳೆಂಬ ವಸ್ತುಗಳನ್ನು ತಯಾರಿಸುತ್ತದೆ. ಈ ತಯಾರಿಕೆಗೆ ಕೆಲವು ವಾರಗಳು ಹಿಡಿಯುತ್ತವೆ. ಅಷ್ಟರಲ್ಲಿ ಮೊದಲನೆಯ ಮಗು ಹುಟ್ಟಿ ತೊಟ್ಟಿಲಲ್ಲಿರುತ್ತದೆ. ಆದುದರಿಂದ ಸಾಮಾನ್ಯವಾಗಿ ಚೊಚ್ಚಲ ಮಗುವಿಗೆ ಏನೂ ಆಗುವುದಿಲ್ಲ. ಆದರೆ ಒಮ್ಮೆ ಕಲಿತ ಈ ಪಾಠವನ್ನು ತಾಯಿಯ ಶರೀರ ಮರೆಯುವುದಿಲ್ಲ. ಮುಂದಿನ ಬಸುರಿನಲ್ಲಿ ಮಗು ಪುನಃ ಪಾಸಿಟಿವ್ ಆಗಿದ್ದರೆ ಪ್ರತಿಕಾಯಗಳು ಮಾಸನ್ನು ದಾಟಿ ಹೋಗಿ ಅದರ ಕೆಂಪು ರಕ್ತಕಣಗಳನ್ನು ಒಡೆಯತೊಡಗುತ್ತವೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಂದು ಊರಿನಲ್ಲಿ ನೆಗೆಟಿವ್ ರಕ್ತದ ಒಬ್ಬ ಹೆಣ್ಣುಮಗಳಿಗೆ ಮೊದಲನೆಯ ಮಗು ಸುಖವಾಗಿ ಹುಟ್ಟಿತು. ಯಾರೂ ಆಕೆಯ ರಕ್ತವನ್ನು ಪರೀಕ್ಷಿಸಲಿಲ್ಲ. ಎರಡನೆಯದು ಹುಟ್ಟಿದ ಸಂಜೆಯೇ ಹಳದಿಯಾಗಿ ನಾಲ್ಕನೆಯ ದಿನ ತೀರಿಕೊಂಡಿತು. ಮೂರನೆಯದು ಮೈಯೆಲ್ಲ ಬಾತು ಹೊಟ್ಟೆಯಲ್ಲಿಯೇ ಸತ್ತಿತು. ಗ್ರಹಚಾರವೆಂದರು, ದೇವರ ಮುನಿಸೆಂದರು, ಕೊನೆಗೆ ಸೊಸೆಯ ಕಾಲ್ಗುಣ ಸರಿಯಿಲ್ಲವೆಂದರು. ಆದರೆ ಮೊದಲನೆಯ ಹೆರಿಗೆಯಾದ ಮೂರು ದಿನಗಳೊಳಗೆ ಆಕೆಗೆ ಒಂದು ಚುಚ್ಚುಮದ್ದು ಸಿಕ್ಕಿದ್ದರೆ ಈ ಎರಡು ಸಾವುಗಳೂ ಬಹುಶಃ ಸಂಭವಿಸುತ್ತಿರಲಿಲ್ಲ.

ತಾಯಿಯ ಗುಂಪು ಓ ಆಗಿದ್ದು ಮಗುವಿನ ಗುಂಪು ಎ ಅಥವಾ ಬಿ ಆಗಿದ್ದಾಗಲೂ ಇದೇ ರೀತಿಯ ಕಾಯಿಲೆ ಬರಬಹುದು. ಅದು ಚೊಚ್ಚಲ ಮಗುವಿಗೂ ಬರುತ್ತದೆ. ಅದನ್ನು ತಡೆಯುವ ಚುಚ್ಚುಮದ್ದಿಲ್ಲ. ಆದರೆ ಸಾಮಾನ್ಯವಾಗಿ ಅದು ಸೌಮ್ಯವಾಗಿರುತ್ತದೆ. ಆದ್ದರಿಂದ ಪಾಸಿಟಿವ್ ತಾಯಂದಿರೂ ಕೂಸಿನ ಬಣ್ಣವನ್ನು ಗಮನಿಸುತ್ತಿರಬೇಕು.

ಇದು ಯಾರ ತಪ್ಪೂ ಅಲ್ಲ

ಈ ಕಾಯಿಲೆಯ ಕಾರಣವು ತಿಳಿದುಬಂದ ಕಥೆಯನ್ನು ಗಂಡಸರು ವಿಶೇಷವಾಗಿ ಕೇಳಬೇಕು. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಒಬ್ಬ ಹೆಂಗಸಿಗೆ ಸತ್ತ ಮಗು ಹುಟ್ಟಿತು. ಆಕೆಗೆ ರಕ್ತ ಕೊಡಬೇಕಾಗಿ ಬಂತು. ಗಂಡನದೂ ಹೆಂಡತಿಯದೂ ಒಂದೇ ಓ ಗುಂಪು. ಆದುದರಿಂದ ಗಂಡನ ರಕ್ತವನ್ನೇ ಕೊಟ್ಟರು. ಆದರೆ ಆಕೆಗೆ ಮೈ ನಡುಗಿ ತೀವ್ರ ತೊಂದರೆಯಾಯಿತು. ಗುಂಪು ಒಂದೇ ಆಗಿದ್ದರೂ ಹೀಗೇಕಾಯಿತೆಂದು ಫಿಲಿಪ್ ಲೆವಿನ್ ಮತ್ತು ರೂಫಸ್ ಸ್ಟೆಟ್ಸನ್ ಎಂಬ ವೈದ್ಯರು ವಿಚಾರಮಾಡಿ 1939ರಲ್ಲಿ ಪ್ರಕಟಿಸಿದರು. ಮಗುವು ತಂದೆಯಿಂದ ಪಡೆದ ಯಾವುದೋ ಅಂಶಕ್ಕೆ ವಿರುದ್ಧವಾಗಿ ತಾಯಿಯ ರಕ್ತದಲ್ಲಿ ಪ್ರತಿಕಾಯ ಹುಟ್ಟಿದೆಯೆಂದು ಅವರು ಊಹಿಸಿದರು. ಆ ಅಂಶವೇ ಆರ್.ಎಚ್. ಎಂಬುದು ಮುಂದೆ ಸಿದ್ಧವಾಯಿತು.

ಇದರಿಂದ ನಾವು ಕಲಿಯಬೇಕಾದುದೇನು? ಹೆಂಡತಿಯ ರಕ್ತದಲ್ಲಿ ದೋಷವಿಲ್ಲ, ಗಂಡನ ರಕ್ತದಲ್ಲಿಯೂ ದೋಷವಿಲ್ಲ. ಎರಡೂ ಒಳ್ಳೆಯ ರಕ್ತಗಳೇ; ಒಂದಕ್ಕೊಂದು ಹೊಂದುವುದಿಲ್ಲ, ಅಷ್ಟೇ. ಹೀಗಿರುವಾಗ ಮಕ್ಕಳು ದಕ್ಕಲಿಲ್ಲವೆಂಬ ಕಾರಣಕ್ಕೆ ಹೆಣ್ಣನ್ನು ತವರಿಗೆ ಅಟ್ಟುವುದು, ಇನ್ನೊಂದು ಮದುವೆಯ ಮಾತೆತ್ತುವುದು, ಶುಭಕಾರ್ಯಗಳಿಗೆ ಕರೆಯದಿರುವುದು ಬಹಳ ಅನ್ಯಾಯ. ಮಗುವನ್ನು ಕಳೆದುಕೊಂಡ ತಾಯಿಗೆ ಅದೇ ಸಾಕಾದಷ್ಟು ದುಃಖ. ಅದರ ಮೇಲೆ ಅಪವಾದವನ್ನೂ ಹೊರಿಸಬಾರದು. ಎರಡು ಮೂರು ಮಕ್ಕಳನ್ನು ಕಳೆದುಕೊಂಡ ದಂಪತಿಗಳು ನಿಮ್ಮ ಬಂಧುಬಳಗದಲ್ಲಿದ್ದರೆ ಅವರನ್ನು ರಕ್ತಪರೀಕ್ಷೆಗೆ ಕರೆತನ್ನಿರಿ. ಕಾರಣವು ಇದೇ ಇರಬಹುದು, ಬೇರೆಯೂ ಇರಬಹುದು, ಪರೀಕ್ಷಿಸಿದಾಗಲೇ ತಿಳಿಯುವುದು.

ಕೂಸಿನಲ್ಲಿ ಕಾಣುವ ಚಿಹ್ನೆಗಳು

ಕೆಂಪು ಕಣಗಳು ಒಡೆದಾಗ ಎರಡು ತೊಂದರೆಗಳಾಗುತ್ತವೆ. ಒಂದು, ರಕ್ತಹೀನತೆ, ಕೂಸು ಬಿಳಿಚಿಕೊಳ್ಳುತ್ತದೆ. ಇನ್ನೊಂದು, ಒಡೆದ ಕಣಗಳಿಂದ ಬಿಲಿರುಬಿನ್ ಎಂಬ ಹಳದಿ ವಸ್ತು ಹೊರಬರುತ್ತದೆ. ಹುಟ್ಟುವ ಮೊದಲು ಇದನ್ನು ತಾಯಿಯ ಶರೀರವು ಹೊರಹಾಕುತ್ತಿತ್ತು. ಹುಟ್ಟಿದ ಮೇಲೆ ಕೂಸಿನ ಎಳೆಯ ಯಕೃತ್ತಿಗೆ ಅಷ್ಟು ಶಕ್ತಿಯಿಲ್ಲ. ಆದ್ದರಿಂದ ಹುಟ್ಟುವಾಗ ಹಳದಿಯಿಲ್ಲದ ಕೂಸು ಕೆಲವೇ ಗಂಟೆಗಳಲ್ಲಿ ಹಳದಿಯಾಗುತ್ತದೆ. ಈ ವಸ್ತು ಮಿತಿಮೀರಿದರೆ ಮಿದುಳಿಗೆ ಏರುತ್ತದೆ. ಆಗ ಬದುಕಿ ಉಳಿದ ಮಗುವೂ ಕಿವುಡಾಗಬಹುದು, ಕೈಕಾಲುಗಳ ಸ್ವಾಧೀನ ತಪ್ಪಬಹುದು, ಬುದ್ಧಿ ಬೆಳೆಯದಿರಬಹುದು. ಒಮ್ಮೆ ಆದ ಈ ಹಾನಿಯನ್ನು ಸರಿಪಡಿಸುವ ಔಷಧವಿಲ್ಲ.

ಎಲ್ಲ ಹಳದಿಯೂ ಈ ಕಾಯಿಲೆಯಲ್ಲ ಎಂಬುದನ್ನು ಮರೆಯಬೇಡಿರಿ. ಆರೋಗ್ಯವಂತ ಕೂಸುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಎರಡನೆಯ ಅಥವಾ ಮೂರನೆಯ ದಿನ ಸ್ವಲ್ಪ ಹಳದಿಯಾಗಿ, ಎರಡು ವಾರಗಳೊಳಗೆ ತಾವಾಗಿಯೇ ಸರಿಹೋಗುತ್ತವೆ. ಕೆಳಗಿನವು ಮಾತ್ರ ಅಪಾಯದ ಚಿಹ್ನೆಗಳು:

1. ಹುಟ್ಟಿದ 24 ಗಂಟೆಗಳೊಳಗೆ ಎಷ್ಟೇ ಸ್ವಲ್ಪ ಹಳದಿ ಕಂಡರೂ.
2. ಯಾವ ದಿನವೇ ಆಗಲಿ, ಅಂಗೈ ಅಂಗಾಲುಗಳವರೆಗೆ ಹಳದಿ ಇಳಿದರೆ.
3. ಕೂಸು ಮೊಲೆ ಚೀಪದೆ, ಎಬ್ಬಿಸಿದರೂ ಏಳದೆ ಜೋಲುಬಿದ್ದಿದ್ದರೆ.
4. ಕೀರಲು ದನಿಯಲ್ಲಿ ಅತ್ತರೆ, ಮೈಯನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿಸಿದರೆ, ಸೆಳೆತ ಬಂದರೆ.
5. ಕೂಸು ಬಹಳ ಬಿಳಿಚಿಕೊಂಡಿದ್ದರೆ, ಹೊಟ್ಟೆ ಅಥವಾ ಮೈ ಬಾತಿದ್ದರೆ, ಏದುಸಿರು ಬಿಡುತ್ತಿದ್ದರೆ.
6. ಹಳದಿಯು ಎರಡು ವಾರ ಕಳೆದರೂ ಹೋಗದಿದ್ದರೆ ಅಥವಾ ಮಲ ಸುಣ್ಣದಂತೆ ಬೆಳ್ಳಗಿದ್ದರೆ. ಇದು ಬೇರೆ ಕಾಯಿಲೆಯ ಗುರುತು. ಆದರೂ ಕೂಡಲೇ ತೋರಿಸಬೇಕು.

ಹಳದಿಯನ್ನು ನೋಡುವ ಕ್ರಮವೂ ಉಂಟು. ಕೂಸನ್ನು ಹಗಲು ಬೆಳಕಿಗೆ ತಂದು, ಹಣೆ, ಎದೆ, ಅಂಗಾಲುಗಳ ಚರ್ಮವನ್ನು ಬೆರಳಿನಿಂದ ಮೆಲ್ಲನೆ ಒತ್ತಿ ಬಿಡಿರಿ. ಒತ್ತಿದ ಜಾಗ ಹಳದಿಯಾಗಿ ಕಂಡರೆ ಅದು ಕಾಮಾಲೆ. ಮೈಬಣ್ಣ ಕಪ್ಪಾದ ಕೂಸಿನಲ್ಲಿ ವಸಡು ಮತ್ತು ಅಂಗಾಲುಗಳನ್ನು ನೋಡಬೇಕು. ನಮ್ಮಲ್ಲಿ ಬಾಣಂತಿಯ ಕೋಣೆಯನ್ನು ಕತ್ತಲಾಗಿಡುವುದು ವಾಡಿಕೆ. ಕೂಸಿಗೆ ಅರಿಶಿನ ಹಚ್ಚಿ ಎರೆಯುವುದೂ ಉಂಟು. ಕತ್ತಲಲ್ಲಿಯೂ ಅರಿಶಿನದ ಕೆಳಗೂ ಕಾಮಾಲೆಯು ಯಾರ ಕಣ್ಣಿಗೂ ಬೀಳುವುದಿಲ್ಲ. ಮೊದಲ ವಾರವಾದರೂ ಅರಿಶಿನ ಹಚ್ಚದಿರಿ, ದಿನಕ್ಕೆರಡು ಬಾರಿ ಕೂಸನ್ನು ಬೆಳಕಿನಲ್ಲಿ ನೋಡಿರಿ.

ಕೆಲವು ಹಟ್ಟಿಗಳಲ್ಲಿ ಸೂತಕದ ಕಾರಣದಿಂದ ಬಾಣಂತಿಯನ್ನೂ ಹಸುಗೂಸನ್ನೂ ಊರ ಹೊರಗಿನ ಗುಡಿಸಲಿನಲ್ಲಿ ಇರಿಸುವ ರೂಢಿ ಇನ್ನೂ ಪೂರ್ತಿಯಾಗಿ ಹೋಗಿಲ್ಲ. ಹಿರಿಯರಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ಚಳಿಗಾಳಿಯಲ್ಲಿ, ಹತ್ತಿರ ಯಾರೂ ಇಲ್ಲದೆಡೆಯಲ್ಲಿ, ಹಳದಿಯಾಗುತ್ತಿರುವ ಕೂಸಿಗೆ ಒಂದು ರಾತ್ರಿ ಕಳೆದರೂ ಅದು ಪ್ರಾಣಕ್ಕೆ ಕುತ್ತು. ಜಾನುವಾರುಗಳನ್ನೂ ದೇವರ ಎತ್ತುಗಳೆಂದು ಭಕ್ತಿಯಿಂದ ಸಾಕುವ ನಾಡು ನಮ್ಮದು. ಹಾಲುಗೂಸನ್ನು ಮನೆಯೊಳಗೆ ಬೆಚ್ಚಗಿಡುವುದರಿಂದ ಯಾವ ದೇವರೂ ಮುನಿಯಲಾರನು.

ಚಿಕಿತ್ಸೆ ಹೇಗೆ?

ತಾಯಿ ನೆಗೆಟಿವ್ ಎಂದು ಮೊದಲೇ ತಿಳಿದಿದ್ದರೆ, ಕೂಸು ಹುಟ್ಟಿದೊಡನೆ ಹೊಕ್ಕುಳಬಳ್ಳಿಯಿಂದ ಸ್ವಲ್ಪ ರಕ್ತ ತೆಗೆದು ಅದರ ಗುಂಪು, ರಕ್ತದ ಪ್ರಮಾಣ, ಬಿಲಿರುಬಿನ್ ಮತ್ತು ಕೂಂಬ್ಸ್ ಪರೀಕ್ಷೆಯನ್ನು ಮಾಡುತ್ತಾರೆ. ಪ್ರತಿಕಾಯಗಳು ಕೂಸಿನ ಕಣಗಳಿಗೆ ಅಂಟಿಕೊಂಡಿವೆಯೇ ಎಂಬುದು ಕೂಂಬ್ಸ್ ಪರೀಕ್ಷೆಯಿಂದ ತಿಳಿಯುತ್ತದೆ.

ಮೊದಲನೆಯ ಚಿಕಿತ್ಸೆ ಬೆಳಕಿನದು. ಇದರ ಹುಟ್ಟು ಸ್ವಾರಸ್ಯಕರವಾಗಿದೆ. 1956ರಲ್ಲಿ ಇಂಗ್ಲೆಂಡಿನ ರಾಕ್‌ಫರ್ಡ್ ಎಂಬ ಊರಿನ ಆಸ್ಪತ್ರೆಯಲ್ಲಿ ದಾದಿ ಜೀನ್ ವಾರ್ಡ್ ಎಂಬಾಕೆ ಕೂಸುಗಳನ್ನು ಅಂಗಳದ ಬಿಸಿಲಿಗೆ ಕರೆದೊಯ್ಯುತ್ತಿದ್ದಳು. ಬೆಳಕು ಬಿದ್ದ ಮೈ ತಿಳಿಯಾಗಿ, ಬಟ್ಟೆ ಮುಚ್ಚಿದ ಭಾಗ ಮಾತ್ರ ಹಳದಿಯಾಗಿ ಉಳಿದಿರುವುದು ಆಕೆಯ ಕಣ್ಣಿಗೆ ಬಿತ್ತು. ಅಲ್ಲಿನ ವೈದ್ಯರು ಇದನ್ನು ಪರೀಕ್ಷಿಸಿ ದೀಪದ ಯಂತ್ರವನ್ನು ಮಾಡಿ 1958ರಲ್ಲಿ ಪ್ರಕಟಿಸಿದರು. ಈಗ ನೀಲಿ ಬೆಳಕಿನ ದೀಪಗಳ ಕೆಳಗೆ ಕೂಸನ್ನು ಬರಿಮೈಯಲ್ಲಿ ಮಲಗಿಸಿ ಕಣ್ಣುಗಳಿಗೆ ಪಟ್ಟಿ ಕಟ್ಟುತ್ತಾರೆ. ಬೆಳಕು ಚರ್ಮದಲ್ಲಿರುವ ಹಳದಿ ವಸ್ತುವನ್ನು ಮಾರ್ಪಡಿಸಿ ಮಲಮೂತ್ರಗಳ ಮೂಲಕ ಹೊರಹೋಗುವಂತೆ ಮಾಡುತ್ತದೆ. ನೋವಿಲ್ಲ, ಕಣ್ಣಿಗೆ ಪಟ್ಟಿಯಿರುವುದರಿಂದ ಹಾನಿಯೂ ಇಲ್ಲ. ಎರಡು ಮೂರು ಗಂಟೆಗೊಮ್ಮೆ ತಾಯಿ ಮೊಲೆಯೂಡುತ್ತಿರಬೇಕು. ಕೂಸಿನ ಕಣ್ಣು ಕಟ್ಟಿದರೆಂದು ಹೆದರಿ ಅದನ್ನು ಎತ್ತಿಕೊಂಡು ಊರಿಗೆ ಹೊರಡಬಾರದು.

ದೀಪದಿಂದ ಹಳದಿ ತಗ್ಗದಿದ್ದರೆ ರಕ್ತ ಬದಲಾಯಿಸುವ ಚಿಕಿತ್ಸೆ ಮಾಡುತ್ತಾರೆ. 1940ರ ದಶಕದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಈ ಕ್ರಮವು ಲೆಕ್ಕವಿಲ್ಲದಷ್ಟು ಕೂಸುಗಳನ್ನು ಉಳಿಸಿದೆ. ಹೊಕ್ಕುಳಿನ ರಕ್ತನಾಳದಲ್ಲಿ ಸಣ್ಣ ಕೊಳವೆಯನ್ನಿಟ್ಟು, ಕೂಸಿನ ರಕ್ತವನ್ನು ಸ್ವಲ್ಪ ಸ್ವಲ್ಪವಾಗಿ ತೆಗೆದು, ಅಷ್ಟೇ ಹೊಸ ರಕ್ತವನ್ನು ತುಂಬುತ್ತಾರೆ. 3 ಕಿಲೋ ತೂಕದ ಕೂಸಿಗೆ ಸುಮಾರು ಅರ್ಧ ಲೀಟರ್ ರಕ್ತ ಬೇಕಾಗುತ್ತದೆ. ಒಡೆಯುವ ಕಣಗಳ ಬಹುಭಾಗ, ಪ್ರತಿಕಾಯಗಳಲ್ಲಿ ಸ್ವಲ್ಪ, ಹಳದಿ ವಸ್ತುವಿನಲ್ಲಿ ಸ್ವಲ್ಪ ಇದರಿಂದ ಹೊರಹೋಗುತ್ತದೆ. ಸಾಮಾನ್ಯವಾಗಿ ತಾಯಿಯ ರಕ್ತದೊಡನೆ ಹೊಂದಿಸಿ ನೋಡಿದ ಓ ನೆಗೆಟಿವ್ ರಕ್ತವನ್ನು ಕೊಡುತ್ತಾರೆ. ಈ ಗುಂಪು ವಿರಳ. ಆದುದರಿಂದ ನೆಗೆಟಿವ್ ರಕ್ತವುಳ್ಳ ಗಂಡಸರು ತಮ್ಮ ಹೆಸರನ್ನು ರಕ್ತನಿಧಿಯಲ್ಲಿ ಬರೆಸಿಡುವುದು ದೊಡ್ಡ ಪುಣ್ಯಕಾರ್ಯ.

ಹುಟ್ಟುವ ಮೊದಲೇ ರಕ್ತಹೀನತೆಯಿಂದ ಮಗು ಬಾತುಹೋಗುವ ಸಂಭವವಿದ್ದರೆ, ಗರ್ಭದಲ್ಲಿರುವಾಗಲೇ ರಕ್ತ ಕೊಡುವುದೂ ಸಾಧ್ಯ. ನ್ಯೂಜಿಲೆಂಡಿನ ವಿಲಿಯಂ ಲೈಲಿ ಎಂಬ ವೈದ್ಯನು 1963ರಲ್ಲಿ ಇದನ್ನು ಮೊದಲು ಮಾಡಿ ತೋರಿಸಿದನು. ಈಗ ಸ್ಕ್ಯಾನಿಂಗ್ ಯಂತ್ರದಲ್ಲಿ ನೋಡುತ್ತ ಹೊಕ್ಕುಳಬಳ್ಳಿಯ ನಾಳಕ್ಕೇ ರಕ್ತ ಕೊಡುತ್ತಾರೆ. ಇದು ತಾಲ್ಲೂಕು ಆಸ್ಪತ್ರೆಯಲ್ಲಿ ಆಗುವ ಕೆಲಸವಲ್ಲ. ಬೆಂಗಳೂರಿನಂಥ ನಗರಗಳ ದೊಡ್ಡ ಆಸ್ಪತ್ರೆಗೆ ಹೋಗಬೇಕಾಗುತ್ತದೆ.

ಮಗುವಿನ ಮುಂದಿನ ಭವಿಷ್ಯ

"ಡಾಕ್ಟರೇ, ಮಗು ಬದುಕುತ್ತದೆಯೇ? ಬದುಕಿದರೆ ಎಲ್ಲರಂತೆ ಇರುತ್ತದೆಯೇ?" ತಂದೆತಾಯಿಗಳು ಕೇಳುವ ಪ್ರಶ್ನೆ ಇದು. ಈ ಕಾಯಿಲೆ ತಗುಲಿದ ಕೂಸುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಅದು ಸೌಮ್ಯವಾಗಿರುತ್ತದೆ. ಸುಮಾರು ಕಾಲುಭಾಗಕ್ಕೆ ಹುಟ್ಟಿದ ಮೇಲೆ ಹಳದಿ ಏರುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಸಾವು ಅಥವಾ ಮಿದುಳಿನ ಹಾನಿ, ಚಿಕಿತ್ಸೆಯಿದ್ದರೆ ಆರೋಗ್ಯ. ಉಳಿದ ಕಾಲುಭಾಗ ಗರ್ಭದಲ್ಲಿಯೇ ಬಾತುಹೋಗುವಂಥವು; ಇವುಗಳ ವಿಷಯದಲ್ಲಿ ಮಾತ್ರ ಅಪಾಯ ಹೆಚ್ಚು. ಅಂಥವುಗಳಲ್ಲಿಯೂ ಮೊದಲೇ ಗುರುತಿಸಿ ಗರ್ಭದಲ್ಲಿಯೇ ರಕ್ತ ಕೊಟ್ಟರೆ ಹೆಚ್ಚಿನವು ಉಳಿಯುತ್ತವೆ. ಮಿದುಳಿಗೆ ಹಳದಿ ಏರುವ ಮೊದಲೇ ಚಿಕಿತ್ಸೆ ಪಡೆದ ಮಗು ಶಾಲೆಗೆ ಹೋಗುತ್ತದೆ, ಹೊಲದಲ್ಲಿ ದುಡಿಯುತ್ತದೆ, ಮಗ್ಗದಲ್ಲಿ ಕೂರುತ್ತದೆ, ಮದುವೆಯಾಗಿ ಮಕ್ಕಳನ್ನು ಪಡೆಯುತ್ತದೆ. ಇತರರಿಗಿಂತ ಯಾವುದರಲ್ಲಿಯೂ ಕಡಿಮೆಯಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದೊಡನೆ ಎಲ್ಲವೂ ಮುಗಿಯಿತೆಂದು ತಿಳಿಯಬಾರದು. ತಾಯಿಯ ಪ್ರತಿಕಾಯಗಳು ಕೂಸಿನ ರಕ್ತದಲ್ಲಿ ಕೆಲವು ವಾರಗಳ ಕಾಲ ಉಳಿಯುತ್ತವೆ. ಅದರಿಂದ ಎರಡು ಮೂರು ತಿಂಗಳುಗಳವರೆಗೂ ರಕ್ತ ಕಡಿಮೆಯಾಗಬಹುದು. ಹಳದಿ ಹೋದರೂ ಕೂಸು ಬಿಳಿಚಿಕೊಂಡು, ಹಾಲು ಕುಡಿಯುವಾಗ ದಣಿದು ಬೆವರುತ್ತಿದ್ದರೆ ಅದೇ ಗುರುತು. ವೈದ್ಯರು ಹೇಳಿದ ದಿನಗಳಂದು ತಪ್ಪದೆ ರಕ್ತಪರೀಕ್ಷೆ ಮಾಡಿಸಿರಿ. ಕಬ್ಬಿಣದ ಔಷಧವನ್ನು ನೀವಾಗಿಯೇ ಕೊಡಬೇಡಿರಿ. ಕಿವಿಯ ಪರೀಕ್ಷೆಯನ್ನೂ ಮಾಡಿಸಿರಿ. ಲಸಿಕೆಗಳನ್ನು ಎಲ್ಲ ಮಕ್ಕಳಂತೆಯೇ ಹಾಕಿಸಿರಿ.

ತಡೆಯುವ ಚುಚ್ಚುಮದ್ದು

ಇನ್ನು ಅತಿ ಮುಖ್ಯವಾದ ವಿಷಯ. 1960ರ ದಶಕದಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಮತ್ತು ಅಮೆರಿಕದ ನ್ಯೂಯಾರ್ಕ್ ನಗರಗಳ ವೈದ್ಯರು ಆ್ಯಂಟಿ-ಡಿ ಎಂಬ ಚುಚ್ಚುಮದ್ದನ್ನು ಸಿದ್ಧಪಡಿಸಿದರು. 1968ರಲ್ಲಿ ಅದು ಅಮೆರಿಕದಲ್ಲಿ ಬಳಕೆಗೆ ಬಂದಿತು. ತಾಯಿಯ ರಕ್ತದಲ್ಲಿ ಸೇರಿದ ಮಗುವಿನ ಕಣಗಳನ್ನು ಆಕೆಯ ಶರೀರ ಗುರುತಿಸುವ ಮೊದಲೇ ಇದು ತೊಡೆದುಹಾಕುತ್ತದೆ. ಪಾಠ ಕಲಿಯಲು ಅವಕಾಶವೇ ಇಲ್ಲದಂತಾಗುತ್ತದೆ.

ಈ ಮದ್ದನ್ನು ಮನುಷ್ಯರ ರಕ್ತದಿಂದಲೇ ಬೇರ್ಪಡಿಸಿ ತೆಗೆಯುತ್ತ ಬಂದಿದ್ದಾರೆ. ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ ಎಂಬಾತನು ಇದಕ್ಕಾಗಿ ತನ್ನ ಜೀವಿತದಲ್ಲಿ 1,100ಕ್ಕೂ ಹೆಚ್ಚು ಬಾರಿ ದಾನ ಮಾಡಿ, 81ನೆಯ ವಯಸ್ಸಿನಲ್ಲಿ 2018ರಲ್ಲಿ ನಿಲ್ಲಿಸಿದನು, 2025ರಲ್ಲಿ ತೀರಿಕೊಂಡನು. ಗುರುತು ಪರಿಚಯವಿಲ್ಲದ ತಾಯಂದಿರ ಮಕ್ಕಳಿಗಾಗಿ ಒಬ್ಬ ಸಾಮಾನ್ಯ ಮನುಷ್ಯನು ಇಷ್ಟು ಮಾಡಿದನೆಂದ ಮೇಲೆ, ನಮ್ಮ ಮಗುವಿಗಾಗಿ ನಾವು ಒಂದು ರಕ್ತಪರೀಕ್ಷೆ ಮಾಡಿಸಲಾರೆವೇ?

ಈ ಮದ್ದನ್ನು ಕೂಸಿಗಲ್ಲ, ತಾಯಿಗೆ ಕೊಡಬೇಕು. ಕೂಸಿನ ರಕ್ತ ಪಾಸಿಟಿವ್ ಆಗಿದ್ದರೆ ಹೆರಿಗೆಯಾದ 72 ಗಂಟೆಗಳೊಳಗೆ, ಅಂದರೆ ಮೂರು ದಿನಗಳೊಳಗೆ, ಕೊಡತಕ್ಕದ್ದು. ಬಸುರಿನ 28ನೆಯ ವಾರದಲ್ಲಿ, ಅಂದರೆ ಏಳನೆಯ ತಿಂಗಳಲ್ಲಿ, ಒಮ್ಮೆ ಕೊಟ್ಟರೆ ರಕ್ಷಣೆ ಇನ್ನೂ ಹೆಚ್ಚು. ಮದ್ದಿಲ್ಲದಿದ್ದರೆ ಪಾಸಿಟಿವ್ ಮಗುವನ್ನು ಹೆತ್ತ 100 ನೆಗೆಟಿವ್ ತಾಯಂದಿರಲ್ಲಿ ಸುಮಾರು 16 ಮಂದಿಗೆ ಪ್ರತಿಕಾಯ ಉಂಟಾಗುವ ಸಂಭವವಿದೆ. ಹೆರಿಗೆಯ ನಂತರ ಮದ್ದು ಕೊಟ್ಟರೆ ಈ ಸಂಖ್ಯೆ 2ಕ್ಕೆ ಅಥವಾ ಅದಕ್ಕಿಂತ ಕೆಳಕ್ಕೆ ಇಳಿಯುತ್ತದೆ. ಏಳನೆಯ ತಿಂಗಳಲ್ಲಿಯೂ ಕೊಟ್ಟರೆ ಒಂದಕ್ಕೂ ಕಡಿಮೆ. ಮೂರು ದಿನಗಳು ಮೀರಿದರೆ ನಿರಾಶರಾಗಬೇಡಿರಿ. 10 ದಿನಗಳೊಳಗೆ ಕೊಟ್ಟರೂ ಸ್ವಲ್ಪ ಪ್ರಯೋಜನವುಂಟು. ಆದರೆ ಪ್ರತಿಕಾಯ ಒಮ್ಮೆ ಹುಟ್ಟಿದ ಮೇಲೆ ಈ ಮದ್ದು ಕೆಲಸ ಮಾಡುವುದಿಲ್ಲ. ಪ್ರತಿಯೊಂದು ಹೆರಿಗೆಯ ನಂತರವೂ ಹೊಸದಾಗಿ ಕೊಡಿಸಬೇಕು.

ಗರ್ಭಪಾತವಾದವರೂ ಇದನ್ನು ಮರೆಯಬಾರದು. ತಾನಾಗಿ ಆದುದಿರಲಿ, ಆಸ್ಪತ್ರೆಯಲ್ಲಿ ಕಾನೂನಿನಂತೆ ಮಾಡಿಸಿಕೊಂಡದ್ದಿರಲಿ, ನೆಗೆಟಿವ್ ಹೆಂಗಸು ತನ್ನ ರಕ್ತದ ಗುಂಪನ್ನು ವೈದ್ಯರಿಗೆ ಹೇಳಬೇಕು. ಎಷ್ಟು ವಾರಗಳ ಬಸುರು ಎಂಬುದನ್ನು ನೋಡಿ ಮದ್ದು ಬೇಕೋ ಬೇಡವೋ ಅವರು ನಿರ್ಧರಿಸುವರು. ಗುಟ್ಟಾಗಿ ಹಳ್ಳಿಯಲ್ಲಿಯೇ ಗರ್ಭ ತೆಗೆಸಿಕೊಂಡವರಿಗೆ ಈ ರಕ್ಷಣೆ ಸಿಗುವುದಿಲ್ಲ, ಜೀವಕ್ಕೂ ಅಪಾಯ.

ದಂಪತಿಗಳು ಮಾಡಬೇಕಾದುದು

ಮೊದಲನೆಯದಾಗಿ, ಮುಟ್ಟು ನಿಂತೊಡನೆ ಆಶಾ ಕಾರ್ಯಕರ್ತೆಗೆ ತಿಳಿಸಿ ಹೆಸರು ಬರೆಸಿ, ರಕ್ತದ ಗುಂಪನ್ನು ಪರೀಕ್ಷಿಸಿಕೊಳ್ಳಿರಿ. ಅದನ್ನು ತಾಯಿ ಕಾರ್ಡಿನಲ್ಲಿ ದೊಡ್ಡದಾಗಿ ಬರೆಸಿರಿ. ಹೆಂಡತಿ ನೆಗೆಟಿವ್ ಆಗಿದ್ದರೆ ಗಂಡನು ಅದೇ ವಾರ ತನ್ನ ರಕ್ತವನ್ನೂ ಪರೀಕ್ಷಿಸಿಕೊಳ್ಳಬೇಕು. ಪ್ರತಿಕಾಯವಿದೆಯೇ ಎಂದು ಬಸುರಿನಲ್ಲಿ ಪುನಃ ಪುನಃ ಪರೀಕ್ಷಿಸಬೇಕಾಗುತ್ತದೆ. ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ತಪಾಸಣೆ ನಡೆಯುವುದು ನಿಮಗೆ ತಿಳಿದಿರಬಹುದು. 2016ರಲ್ಲಿ ಪ್ರಾರಂಭವಾದ ಈ ವ್ಯವಸ್ಥೆಯನ್ನು ಬಳಸಿಕೊಳ್ಳಿರಿ.

ಎರಡನೆಯದಾಗಿ, ನಮ್ಮಲ್ಲಿ ಚೊಚ್ಚಲ ಹೆರಿಗೆ ತವರುಮನೆಯಲ್ಲಿ. ಮೊಳಕಾಲ್ಮೂರಿನ ಎಷ್ಟೋ ಸೊಸೆಯರ ತವರು ಗಡಿಯಾಚೆಯ ರಾಯದುರ್ಗ, ಕಲ್ಯಾಣದುರ್ಗಗಳ ಕಡೆ ಇರುತ್ತದೆ. ಸೀರೆ ಬಳೆಗಳ ಗಂಟಿನೊಡನೆ ತಾಯಿ ಕಾರ್ಡೂ ಹೋಗಲಿ. ಬೀಗರಿಗೆ ಬಾಯಿಮಾತಿನಲ್ಲಿಯೂ ಹೇಳಿ ಕಳುಹಿಸಿರಿ: "ಹುಡುಗಿಯ ರಕ್ತ ನೆಗೆಟಿವ್, ಹೆರಿಗೆಯಾದ ಮೂರು ದಿನದೊಳಗೆ ಮದ್ದು ಬೇಕು." ಕೂಲಿಗಾಗಿ ದೂರದ ಊರುಗಳಿಗೆ ಗುಳೆ ಹೋಗುವವರಿಗೂ ಇದೇ ಮಾತು.

ಮೂರನೆಯದಾಗಿ, ಹೆರಿಗೆ ಆಸ್ಪತ್ರೆಯಲ್ಲಿಯೇ ಆಗಲಿ. ಈ ಮದ್ದು ತಣ್ಣಗಿನ ಪೆಟ್ಟಿಗೆಯಲ್ಲಿ ಕಾಪಾಡಬೇಕಾದದ್ದು. ಎಲ್ಲ ಆಸ್ಪತ್ರೆಗಳಲ್ಲಿಯೂ ಎಲ್ಲ ದಿನವೂ ಇರುವುದೆಂದು ಭಾವಿಸದೆ, ಎಂಟನೆಯ ತಿಂಗಳಲ್ಲಿಯೇ ವಿಚಾರಿಸಿ ತರಿಸಿಡುವಂತೆ ಕೇಳಿಕೊಳ್ಳಿರಿ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರುವ ತಾಯಿಗೂ, ಕಾಯಿಲೆಬಿದ್ದ ಕೂಸಿಗೂ ಔಷಧ, ಪರೀಕ್ಷೆ, ರಕ್ತ, ವಾಹನ ಎಲ್ಲವೂ ಉಚಿತ. ಇದು ನಿಮ್ಮ ಹಕ್ಕು.

ನಾಲ್ಕನೆಯದಾಗಿ, ಹೆರಿಗೆಯಾದ ಮಾರನೆಯ ದಿನವೇ ಮನೆಗೆ ಕಳುಹಿಸಿರೆಂದು ಹಟ ಹಿಡಿಯಬೇಡಿರಿ. ಕನಿಷ್ಠ 48 ಗಂಟೆಗಳಾದರೂ ಆಸ್ಪತ್ರೆಯಲ್ಲಿರಿ. ಮನೆಗೆ ಬಂದ ಮೇಲೆ ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೆಯ ದಿನಗಳಂದು ಬರುತ್ತಾಳೆ. ಕೂಸನ್ನು ಬೆಳಕಿಗೆ ತಂದು ತೋರಿಸಿರಿ.

ಐದನೆಯದಾಗಿ, ಅಪಾಯದ ಚಿಹ್ನೆ ಕಂಡೊಡನೆ, ಹಗಲಾಗಲಿ ಇರುಳಾಗಲಿ, 108ಕ್ಕೆ ದೂರವಾಣಿ ಮಾಡಿರಿ. ಚಳ್ಳಕೆರೆಯಿಂದ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆ ಸುಮಾರು 30 ಕಿಲೋಮೀಟರು. ಮೊಳಕಾಲ್ಮೂರಿನವರಿಗೆ ಚಿತ್ರದುರ್ಗಕ್ಕಿಂತ ಬಳ್ಳಾರಿ ಹತ್ತಿರ. ದಾರಿಯಲ್ಲಿ ಕೂಸನ್ನು ತಾಯಿಯ ಎದೆಗೆ ಅಪ್ಪಿಸಿ ಬೆಚ್ಚಗಿಟ್ಟು ಮೊಲೆಯೂಡುತ್ತ ಹೋಗಿರಿ. ತಾಯಿಯನ್ನು ಮನೆಯಲ್ಲಿ ಬಿಟ್ಟು ಕೂಸನ್ನು ಮಾತ್ರ ಒಯ್ಯಬೇಡಿರಿ. ಹಾಲಿಗೂ ಆಕೆ ಬೇಕು, ರಕ್ತ ಹೊಂದಿಸಲೂ ಆಕೆ ಬೇಕು.

ಸಾಮಾನ್ಯವಾದ ಕೆಲವು ಸಂದೇಹಗಳು

ಸೋದರಮಾವನನ್ನು ಮದುವೆಯಾದುದರಿಂದ ಇದು ಬಂದಿತೇ? ಇಲ್ಲ. ರಕ್ತಸಂಬಂಧದ ಮದುವೆಯಿಂದ ಬರುವ ಬೇರೆ ಕಾಯಿಲೆಗಳುಂಟು, ಆರ್.ಎಚ್. ಕಾಯಿಲೆ ಆ ಕಾರಣದಿಂದ ಬರುವುದಲ್ಲ.

ಕೂಸಿನ ಕೈಗೆ ಬರೆ ಹಾಕಿಸಿದರೆ ಕಾಮಾಲೆ ಇಳಿಯುವುದೇ? ಎಂದಿಗೂ ಇಲ್ಲ. ಅದು ಹಸುಳೆಗೆ ಹಿಂಸೆ. ಗಾಯ ಕೀವಾಗಿ ಇನ್ನೊಂದು ರೋಗ ಬರುವುದು. ನಾಟಿ ರಸ, ಜೇನು, ಸಕ್ಕರೆ ನೀರು ಯಾವುದನ್ನೂ ಬಾಯಿಗೆ ಹಾಕಬೇಡಿರಿ.

ಬಿಸಿಲಿಗೆ ಹಿಡಿದರೆ ಸಾಲದೇ? ಸಾಲದು. ಬಿಸಿಲಿನ ಬೆಳಕನ್ನು ಅಳತೆಗೆ ತರಲಾಗದು. ನಮ್ಮ ಬಯಲುಸೀಮೆಯ ಬಿಸಿಲು ಎಳೆ ಮೈಯನ್ನು ಸುಡುವುದು. ಅದನ್ನು ನಂಬಿ ಕಾಯುವಷ್ಟರಲ್ಲಿ ಹೊತ್ತು ಮೀರುವುದು.

ತಾಯಿಯ ಹಾಲಿನಲ್ಲಿ ಪ್ರತಿಕಾಯವಿರುವುದರಿಂದ ಮೊಲೆ ಬಿಡಿಸಬೇಕೇ? ಬೇಡ. ಹಾಲಿನಿಂದ ಕೂಸಿನ ರಕ್ತಕಣಗಳಿಗೆ ಹಾನಿಯಿಲ್ಲ. ಮೊದಲ ದಿನದ ಗಿಣ್ಣುಹಾಲನ್ನೂ ಚೆಲ್ಲದೆ ಕುಡಿಸಿರಿ. ಹೆಚ್ಚು ಹಾಲು ಕುಡಿದಷ್ಟೂ ಹಳದಿಯು ಮಲದೊಡನೆ ಹೊರಹೋಗುತ್ತದೆ.

ಕೂಸಿನ ಬಟ್ಟೆಗಳ ನಡುವೆ ನುಸಿಗುಳಿಗೆ ಇಡಬಹುದೇ? ಇಡಬೇಡಿರಿ. ಕೆಲವು ಕೂಸುಗಳ ರಕ್ತಕಣಗಳು ಹುಟ್ಟಿನಿಂದಲೇ ದುರ್ಬಲವಾಗಿರುತ್ತವೆ. ಆ ಗುಳಿಗೆಯ ವಾಸನೆಗೇ ಒಡೆದು ಕಾಮಾಲೆ ಏರುವುದುಂಟು.

ಪ್ರತಿಕಾಯ ಹುಟ್ಟಿಬಿಟ್ಟಿದ್ದರೆ ಮತ್ತೆ ಮಗುವನ್ನು ಪಡೆಯಬಾರದೇ? ಇದನ್ನು ದಂಪತಿಗಳಿಬ್ಬರೂ ವೈದ್ಯರೊಡನೆ ಕುಳಿತು ನಿರ್ಧರಿಸಬೇಕು. ವರ್ಷಗಳ ಅಂತರವಿಟ್ಟರೂ ಪ್ರತಿಕಾಯ ಹೋಗುವುದಿಲ್ಲ. ಮುಂದಿನ ಪಾಸಿಟಿವ್ ಮಗುವಿಗೆ ತೊಂದರೆ ಹೆಚ್ಚಾಗುವ ಸಂಭವವೂ ಉಂಟು. ಆದರೆ ಗಂಡನು ತನ್ನ ಒಬ್ಬ ಪೋಷಕರಿಂದ ಮಾತ್ರ ಪಾಸಿಟಿವ್ ಅಂಶ ಪಡೆದಿದ್ದರೆ, ಪ್ರತಿ ಬಸುರಿನಲ್ಲಿಯೂ ಮಗು ನೆಗೆಟಿವ್ ಆಗುವ ಸಂಭವ ಅರ್ಧಕ್ಕೆ ಅರ್ಧ. ಆ ಮಗುವಿಗೆ ಅಪಾಯವಿಲ್ಲ. ಮಗು ಬೇಕೆಂದರೆ ಆರಂಭದಿಂದಲೇ ದೊಡ್ಡ ಆಸ್ಪತ್ರೆಯ ನಿಗಾದಲ್ಲಿರಬೇಕು. ಸಾಕೆಂದರೆ, ಇರುವ ಮಗುವನ್ನು ಚೆನ್ನಾಗಿ ಬೆಳೆಸುತ್ತ, ನಿಮಗೊಪ್ಪುವ ಸಂತಾನ ನಿಯಂತ್ರಣ ಕ್ರಮವನ್ನು ಅನುಸರಿಸಬಹುದು. ಶಸ್ತ್ರಚಿಕಿತ್ಸೆಯೇ ಆಗಬೇಕೆಂದರೆ ಗಂಡಸಿನದು ಸರಳ. ಹೊಟ್ಟೆ ಕೊಯ್ಯುವ ಅಗತ್ಯವಿಲ್ಲ.

ಪ್ರಿಯ ದಂಪತಿಗಳೇ, ಹೇಳಿದ್ದರಲ್ಲಿ ಎಲ್ಲವೂ ನೆನಪಿನಲ್ಲಿ ಉಳಿಯದಿರಬಹುದು. ಮೂರು ಮಾತುಗಳನ್ನು ಮರೆಯದಿರಿ. ಬಸುರಿನ ಮೊದಲ ತಿಂಗಳುಗಳಲ್ಲಿಯೇ ಹೆಂಡತಿಯ ರಕ್ತದ ಗುಂಪು ತಿಳಿಯಿರಿ. ಆಕೆ ನೆಗೆಟಿವ್ ಆಗಿ ಕೂಸು ಪಾಸಿಟಿವ್ ಆದರೆ ಮೂರು ದಿನಗಳೊಳಗೆ ಚುಚ್ಚುಮದ್ದು ಕೊಡಿಸಿರಿ. ಮೊದಲ ದಿನದ ಹಳದಿಯನ್ನು ಮನೆಯಲ್ಲಿ ಇಟ್ಟುಕೊಳ್ಳದೆ ಅಂದೇ ಆಸ್ಪತ್ರೆಗೆ ಹೊರಡಿರಿ. ಈ ಮಾತನ್ನು ಇಂದು ಸಂಜೆ ನಿಮ್ಮ ಕೇರಿಯ ಒಬ್ಬ ಗರ್ಭಿಣಿಗೆ ಹೇಳಿದರೂ ಈ ಭಾಷಣ ಸಾರ್ಥಕವಾಯಿತೆಂದು ತಿಳಿಯುತ್ತೇನೆ.

ನಿಮ್ಮೆಲ್ಲರ ಮನೆಗಳ ತೊಟ್ಟಿಲುಗಳು ತುಂಬಿ ತೂಗಲಿ.